ಆರನೆಯ ಅಂತಸ್ತಿನ ಮೆಟ್ಟಿಲು

೮ ಏಪ್ರಿಲ್ ೨೦೨೪, ಸೋಮವಾರ. ಹನ್ನೊಂದನೆಯ ದಿನ

ಕುಡಿಯಬೇಕು ಅನಿಸಿದಾಗಲೆಲ್ಲ ಬರೆಯಿರಿ ಎಂದು ಮುಧೋಳದ ಡಾಕ್ಟರು ಹೇಳಿದ್ದಾರೆ. ಅವರು ಹೇಳಿದಂತೆ ಬರೆದರೆ ಈ ನೋಟ್‌ಬುಕ್ಕು ಸಂಜೆಯೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಮನಸ್ಸು ಬಂದಾಗ ಬರೆಯುತ್ತೇನೆ. ಮೊದಲ ಪುಟದಲ್ಲಿ ನೀವು ಯಾರು ಎಂದು ಬರೆದುಕೊಳ್ಳಿ, ಕುಡಿದವನಿಗೆ ಮೊದಲು ಮರೆಯುವುದೇ ಅದು ಎಂದೂ ಅಂದರು. ಡಾಕ್ಟರಿಗೆ ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ, ಮಾತು ಮಾತ್ರ ಅಜ್ಜನದು.

ಇರಲಿ. ನಾನು ಕಾಶಪ್ಪ, ಅರವತ್ಮೂರು ವರ್ಷ, ಊರು ಬನಹಟ್ಟಿ. ಸೀರೆಯ ಸೆರಗಿಗೆ, ಅಂಚಿನ ದಡಿಗೆ ಗ್ರಾಫ್ ಕಾಗದದ ಮೇಲೆ ನಕ್ಷೆ ಬರೆದು, ಆ ನಕ್ಷೆಯಂತೆ ಮಗ್ಗದ ಮೇಲಿನ ಜಕಾರ್ಡಿನ ರಟ್ಟುಗಳಿಗೆ ತೂತು ಹೊಡೆದುಕೊಡುವುದು ನನ್ನ ಕಸುಬು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಇಷ್ಟೇ ವಿದ್ಯೆ, ಇಷ್ಟರಲ್ಲೇ ನವಿಲು, ಆನೆ, ತೇರು ಎಲ್ಲ ಬರುತ್ತಿದ್ದವು. ಈಗ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ನನಗೆ ಉಳಿದದ್ದು ಕುಡಿಯುವುದೊಂದೇ, ಅದನ್ನೂ ಹನ್ನೊಂದು ದಿನದ ಹಿಂದೆ ಬಿಡಿಸಿದರು.

ಬಿಡಿಸಿದವಳು ಮಗಳು ಪೂರ್ಣಿಮಾ. ಜಮಖಂಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ, ಅಲ್ಲೇ ಮನೆ ಮಾಡಿದ್ದಾಳೆ, ಮದುವೆಯ ಮಾತು ತೆಗೆದರೆ ಎದ್ದು ಹೋಗುತ್ತಾಳೆ. ಈಗ ರಜೆಗೆ ಬಂದಿದ್ದಾಳೆ. ಬಂದ ದಿನವೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು:

"ಅಪ್ಪಾ, ಇನ್ನೊಂದ ಗುಟುಕ ನಿನ್ನ ಬಾಯಾಗ ಹ್ವಾತಂದ್ರ ಅವ್ವನ್ನ ನನ್ನ ಜೋಡಿ ಕರಕೊಂಡ ಹೊಕ್ಕೇನಿ. ಹೊಳ್ಳಿ ಕಳಸೂದಿಲ್ಲ."

ಹೆಂಡತಿ ಶೇವಂತಿ ರೊಟ್ಟಿ ಬಡಿಯುತ್ತಿದ್ದಳು. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ, ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. ನಲವತ್ತೆರಡು ವರ್ಷ ಜೊತೆಗಿದ್ದವಳು. ಆಕೆ ಸುಮ್ಮನಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

೧೨ ಏಪ್ರಿಲ್, ಶುಕ್ರವಾರ. ಹದಿನೈದು

ಪೂರ್ಣಿಮಾ ಒಂದು ಹಳೆಯ ಯಂತ್ರ ತಂದು ಟೀವಿಗೆ ಜೋಡಿಸಿದ್ದಾಳೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಕೀಲಿಗಳು ರಬ್ಬರಿನವು, ಒತ್ತಿದರೆ ಬೇಯಿಸಿದ ಶೇಂಗಾ ಹಿಚುಕಿದಂತಾಗುತ್ತದೆ. ನಲವತ್ತು ವರ್ಷದ ಹಿಂದೆ ಮನೆಮನೆಯವರೂ ಕೊಳ್ಳಲೆಂದು ಮಾಡಿದ ಕಂಪ್ಯೂಟರಂತೆ ಇದು. ಯಾರ ಮನೆಗೋ, ನಮ್ಮ ಮನೆಗಂತೂ ಬರಲಿಲ್ಲ. ಕಾಲೇಜಿನವರು ಗುಜರಿ ಸಾಮಾನು ಹೊರಗೆ ಹಾಕುವಾಗ ಈಕೆ ಎತ್ತಿಕೊಂಡಳು.

ಪೂರ್ಣಿಮಾ ಸಣ್ಣವಳಿದ್ದಾಗ ಜಮಖಂಡಿಯ ಬಸ್ ನಿಲ್ದಾಣದ ಹತ್ತಿರ ಒಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಆಳೆತ್ತರದ ಪೆಟ್ಟಿಗೆ, ಒಂದು ರೂಪಾಯಿ ಹಾಕಿದರೆ ಒಂದು ಆಟ. ಕೆಂಪು ಅಂಗಿಯವನೊಬ್ಬ ಏಳು ಅಂತಸ್ತಿನ ಕೋಟೆಯನ್ನು ಗುದ್ದಾಡುತ್ತ ಹತ್ತುತ್ತಾನೆ. ಆಟದ ಖರೆ ಹೆಸರು ಯಾರಿಗೂ ಗೊತ್ತಿರಲಿಲ್ಲ, ಹುಡುಗರು ಕೆಂಪಂಗಿ ಅನ್ನುತ್ತಿದ್ದರು. ಆ ದೊಡ್ಡ ಪೆಟ್ಟಿಗೆಯ ಆಟವನ್ನು ಈ ಸಣ್ಣ ಯಂತ್ರದೊಳಗೆ ಕೂರಿಸುವುದು ಪೂರ್ಣಿಮಾಳ ಹಟ. ಇಂಥ ಹುಚ್ಚಿನವರು ದೇಶದೇಶಗಳಲ್ಲಿ ಇದ್ದಾರಂತೆ, ಮೇ ತಿಂಗಳ ಕೊನೆಗೆ ಎಲ್ಲರೂ ತಮ್ಮ ತಮ್ಮದನ್ನು ಒಂದು ಕಡೆ ಕಳಿಸಬೇಕಂತೆ.

"ಅದರಾಗ ಬಣ್ಣ ಬೇಕಾದಷ್ಟ ಇದ್ದುವು. ಇದರಾಗ ಎಂಟ ಮನಿ ಉದ್ದ, ಎಂಟ ಮನಿ ಅಗಲಕ್ಕ ಎರಡ ಬಣ್ಣ ಅಷ್ಟ," ಅಂದಳು.

"ಹಾಸಿಂದೊಂದು, ಹೊಕ್ಕಿಂದೊಂದು," ಅಂದೆ.

ಆಕೆ ನನ್ನನ್ನು ನೋಡಿದಳು. ಸಂಜೆಗೆ ಗ್ರಾಫ್ ಕಾಗದ, ಪೆನ್ಸಿಲ್ಲು ತಂದು ಮುಂದಿಟ್ಟಳು. ನನ್ನ ಕೈಗೆ ಕೆಲಸ ಕೊಟ್ಟು ಕುಡಿತ ಮರೆಸುವ ಉಪಾಯ ಇದು, ನನಗೆ ತಿಳಿಯುವುದಿಲ್ಲವೇ? ತಿಳಿದೂ ಪೆನ್ಸಿಲ್ಲು ಹಿಡಿದೆ.

೧೬ ಏಪ್ರಿಲ್, ಮಂಗಳವಾರ. ಹತ್ತೊಂಬತ್ತು

ಕೆಂಪಂಗಿಯನ್ನು ಬರೆದೆ. ಹದಿನಾರು ಮನೆ ಅಗಲ, ಇಪ್ಪತ್ನಾಲ್ಕು ಮನೆ ಎತ್ತರ. ಇಷ್ಟರಲ್ಲಿ ಮೂಗು, ಮುಷ್ಟಿ, ಸೊಂಟದ ಪಟ್ಟಿ ಎಲ್ಲ ಬರಬೇಕು. ಬಂದವು. ಪ್ರತಿ ಸಾಲಿನಲ್ಲಿ ಎಂಟೆಂಟು ಮನೆಗೆ ಒಂದು ಲೆಕ್ಕ ಮಾಡಬೇಕು: ತುಂಬಿದ ಮನೆಗೆ ಎಡದಿಂದ ನೂರಾ ಇಪ್ಪತ್ತೆಂಟು, ಅರವತ್ನಾಲ್ಕು, ಮೂವತ್ತೆರಡು, ಹೀಗೆ ಒಂದರವರೆಗೆ. ಕೂಡಿಸಿದರೆ ಬಂದದ್ದು ಆ ಎಂಟು ಮನೆಯ ಅಂಕಿ. ರಟ್ಟಿಗೆ ತೂತು ಹೊಡೆದಂತೆಯೇ. ಮಧ್ಯಾಹ್ನದೊಳಗೆ ಹಾಳೆ ತುಂಬಿಸಿಕೊಟ್ಟು ಮೀಸೆ ತಿರುವಿದೆ.

ಆಕೆ ಅಂಕಿಗಳನ್ನೆಲ್ಲ ಹೊಡೆದು ಯಂತ್ರ ಚಾಲೂ ಮಾಡಿದಳು. ಟೀವಿಯಲ್ಲಿ ಕೆಂಪಂಗಿ ತಲೆ ಕೆಳಗಾಗಿ, ಕಾಲು ಮೇಲಾಗಿ ನಿಂತಿದ್ದ. ಹಾಗೇ ಓಡಿದ, ಹಾಗೇ ಗುದ್ದಿದ.

ತಪ್ಪು ನನ್ನದೂ ಅಲ್ಲ, ಯಂತ್ರದ್ದೂ ಅಲ್ಲ. ಮಗ್ಗದಲ್ಲಿ ಬಟ್ಟೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಮೊದಲ ರಟ್ಟು ಅಂದರೆ ಪಾದ, ಕೊನೆಯ ರಟ್ಟು ಅಂದರೆ ತಲೆ. ನಲವತ್ತು ವರ್ಷ ಹಾಗೇ ಬರೆದ ಕೈ ಒಂದನೆಯ ಸಾಲನ್ನು ಹಾಳೆಯ ಬುಡದಿಂದ ಎಣಿಸಿತ್ತು. ಟೀವಿಯವರು ನೆತ್ತಿಯಿಂದ ಎಣಿಸುತ್ತಾರಂತೆ.

"ಅಪ್ಪಾ, ಇಂವಾ ನಿನ್ನಂಗ ಆಗ್ಯಾನ ನೋಡು, ಕುಡದ ಬಂದಾಗ!" ಅಂದಳು ಪೂರ್ಣಿಮಾ. ಅಂದವಳೇ ನಗತೊಡಗಿದಳು. ಶೇವಂತಿ ಹಿಟ್ಟಿನ ಕೈಯಲ್ಲೇ ಬಂದು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಾನೂ ನಕ್ಕೆ. ಈ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

೨೨ ಏಪ್ರಿಲ್, ಸೋಮವಾರ. ಇಪ್ಪತ್ತೈದು

ಕೆಟ್ಟ ದಿನ. ಕರೆಂಟು ಇಲ್ಲ, ಓಣಿಯ ಮಗ್ಗಗಳೆಲ್ಲ ಬಂದ್, ಅಷ್ಟು ಶಾಂತವಾದರೆ ನನಗೆ ತಡೆಯುವುದಿಲ್ಲ. ರಾಮಲಿಂಗಪ್ಪ ಫೋನ್ ಮಾಡಿದ್ದ. ಮೂವತ್ತು ವರ್ಷ ನನ್ನ ಜೊತೆ ಕುಡಿದ ಗೆಳೆಯ. "ಏನಲೇ ಕಾಶ್ಯಾ, ಸನ್ಯಾಸಿ ಆದೇನು?" ಅಂದ. ಫೋನು ಇಟ್ಟುಬಿಟ್ಟೆ. ಕೈ ಎಷ್ಟು ನಡುಗಿತೆಂದರೆ ಚಹಾದ ಬಟ್ಟಲು ಬಾಯಿಗೆ ಹೋಗಲಿಲ್ಲ, ಬಾಯೇ ಬಟ್ಟಲಿಗೆ ಹೋಯಿತು.

೨೮ ಏಪ್ರಿಲ್, ರವಿವಾರ. ಮೂವತ್ತೊಂದು

ಮೂರು ಅಂತಸ್ತು ಮುಗಿದವು. ಹಸಿರು ಗೋಡೆಯ ಮುಂದೆ ಕೆಂಪಂಗಿ ಹಾಯ್ದರೆ ಗೋಡೆಯ ಕಲ್ಲೂ ಕೆಂಪಾಗುತ್ತಿತ್ತು, ಎರಡೇ ಬಣ್ಣದ ದೋಷ ಅದು. ಪೂರ್ಣಿಮಾ ಮೂರು ದಿನ ತಲೆ ಕೆಡಿಸಿಕೊಂಡಳು. ನಾನು ಹೇಳಿದೆ: ಅವನು ನಡೆಯುವ ಪಟ್ಟಿಯನ್ನಷ್ಟು ಕರಿ ನೆಲ ಬಿಡು, ಬಣ್ಣವನ್ನೆಲ್ಲ ಮೇಲಿನ ಗೋಡೆಗೆ ಏರಿಸು, ದಡಿಗೂ ಒಡಲಿಗೂ ನಡುವೆ ನಾವು ಬಿಡುತ್ತೇವಲ್ಲ ಹಾಗೆ. ಮಾಡಿ ನೋಡಿದಳು. ಬಣ್ಣ ಹಾಯಲಿಲ್ಲ. "ಈ ಉಪಾಯ ಪುಸ್ತಕದಾಗ ಸಿಕ್ಕಿರಲಿಲ್ಲ ನನಗ," ಅಂದಳು. ಕಾಲೇಜಿನವರ ಬಾಯಿಂದ ಈ ಮಾತು! ಊಟ ಎರಡು ರೊಟ್ಟಿ ಹೆಚ್ಚು ಹೋಯಿತು.

ಊಟದ ಹೊತ್ತಿಗೆ ನಾನೂ ಸ್ವಲ್ಪ ಹೇಳಿಕೊಂಡೆ. ಈ ಆಟ ಈಕೆಗೆ ತೋರಿಸಿದವನು ಯಾರು? ನಾನು. ಪ್ರತಿ ರವಿವಾರ ಗ್ರಾಫ್ ಕಾಗದ ತರುತ್ತೇನೆಂದು ಜಮಖಂಡಿಗೆ ಹೋಗುವಾಗ ಒಂಬತ್ತು ವರ್ಷದ ಮಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಆ ಅಂಗಡಿಯಲ್ಲಿ ಬಿಟ್ಟು, ಕೈಯಲ್ಲಿ ರೂಪಾಯಿ ಇಟ್ಟು, ಆಡು ಮಗಳೇ ಅಂದು ಹೋಗುತ್ತಿದ್ದೆ. ಬನಹಟ್ಟಿಯ ನೇಕಾರರಲ್ಲಿ ಯಾರ ಮಗಳಿಗಿತ್ತು ಆ ಭಾಗ್ಯ? ನಾನು ಹೋಗುತ್ತಿದ್ದದ್ದು ಕಾಗದಕ್ಕಲ್ಲ, ನಮ್ಮೂರಲ್ಲಿ ಕುಡಿದರೆ ನಾಲ್ಕು ಜನ ನೋಡುತ್ತಾರೆಂದು. ಅದು ಬೇರೆ ಮಾತು. ಮಗಳಿಗಂತೂ ಸುಖವೇ ಆಗಿತ್ತು. ಒಂದೇ ರೂಪಾಯಿಯಲ್ಲಿ ದಿನವಿಡೀ ಆಡುತ್ತಿದ್ದಳು, ದೊಡ್ಡ ಹುಡುಗರು ಹಿಂದೆ ನಿಂತು ನೋಡುತ್ತಿದ್ದರು.

"ಆ ಆಟದಿಂದನ ನೀ ಕಂಪ್ಯೂಟರ್ ಕಲ್ತಿ. ನಾನೂ ಒಂದ ಛಲೋ ಕೆಲಸ ಮಾಡೇನಿ ಜನ್ಮದಾಗ," ಅಂದೆ.

ಪೂರ್ಣಿಮಾ ತಾಟು ಎತ್ತಿಕೊಂಡು ಎದ್ದಳು. ಶೇವಂತಿ ಮಜ್ಜಿಗೆ ಹಾಕಿದಳು.

೭ ಮೇ, ಮಂಗಳವಾರ

ಮತದಾನ. ಶೇವಂತಿ, ನಾನು, ಪೂರ್ಣಿಮಾ ಮೂವರೂ ಹೋಗಿ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದೆವು. ಸರಕಾರ ಎರಡು ದಿನ ಎಲ್ಲ ಸಾರಾಯಿ ಅಂಗಡಿಗಳಿಗೆ ಬೀಗ ಹಾಕಿಸಿದೆ. ರಾಮಲಿಂಗಪ್ಪನ ಮುಖ ನೋಡಿದೆ, ಸಾಲಿನಲ್ಲಿ ನಿಂತಿದ್ದ, ಪಾಪ, ಯಾರಿಗೆ ಒತ್ತಿದನೋ. ಐದನೆಯ ಅಂತಸ್ತು ಮುಗಿಯಿತು. ಅದರ ಕಿಟಕಿಗಳಿಗೆ ನಮ್ಮ ಸೀರೆಗಳ ಗೋಮಿ ದಡಿಯ ಗೆರೆ ಕೊಟ್ಟಿದ್ದೇನೆ. ಪೂರ್ಣಿಮಾ ನೋಡಿಯೂ ಬೇಡ ಅನ್ನಲಿಲ್ಲ.

೧೨ ಮೇ, ರವಿವಾರ

ಜಗಳವಾಯಿತು. ಐದು ಅಂತಸ್ತಿನಲ್ಲಿ ನಾನು ಹೇಗೆ ಬರೆದರೂ ನಡೆಯಿತು. ಆರನೆಯದಕ್ಕೆ ಬಂದದ್ದೇ ತಡ, ಈಕೆಗೆ ಏನೋ ಹೊಕ್ಕಂತಾಗಿದೆ. ನಾಲ್ಕು ಸಲ ಹಾಳೆ ವಾಪಸು ಕೊಟ್ಟಳು. "ಮೆಟ್ಟಲ ಒಂಬತ್ತು, ಎಂಟಲ್ಲ." "ಎಡಕಿನ ದೀಪ ಇಷ್ಟ ಮ್ಯಾಲಿಲ್ಲ." "ಮೂರನೇ ಸಾಲಿನ್ಯಾಗ ಒಂದ ಕಲ್ಲ ಒಡದೈತಿ, ಮೂಲಿ ಮುರದೈತಿ." ಹಳೆಯ ಆಟದ ಚಿತ್ರ ಆಕೆಯ ಲ್ಯಾಪ್‌ಟಾಪಿನಲ್ಲಿ ಇದೆ, ಆದರೆ ಅದನ್ನು ತೆಗೆದು ನೋಡುವುದೂ ಇಲ್ಲ. ಎಲ್ಲ ಬಾಯಿಪಾಠ. ನಾನೇ ಲ್ಯಾಪ್‌ಟಾಪಿನಲ್ಲಿ ತೆಗೆಸಿ ತಾಳೆ ನೋಡಿದೆ, ಒಡೆದ ಕಲ್ಲು ಇತ್ತು, ಮೂಲೆ ಮುರಿದಿತ್ತು.

ಇನ್ನೊಂದು. ಆರನೆಯ ಅಂತಸ್ತಿನಲ್ಲಿ ಮೂಲ ಆಟದವರದೇ ಒಂದು ಹುಳುಕು ಇದೆ. ಎಲ್ಲ ಕಡೆ ಗಡಿಯಾರ ಓಡುತ್ತದೆ, ಹೊತ್ತು ಮೀರಿದರೆ ಕೆಂಪಂಗಿ ಸಾಯುತ್ತಾನೆ. ಇಲ್ಲಿ ಮಾತ್ರ ಮೆಟ್ಟಿಲಿಳಿದು ಮತ್ತೆ ಹತ್ತಿದರೆ ಗಡಿಯಾರ ಮೊದಲಿನಿಂದ ಎಣಿಸುತ್ತದೆ, ಕಾವಲಿನವರು ಅದೇ ಇಬ್ಬರು ಮತ್ತೆ ಬರುತ್ತಾರೆ. ಬೇಕಾದರೆ ನಾಳೆಯವರೆಗೂ ಹತ್ತಿ ಇಳಿಯುತ್ತ ಇರಬಹುದು.

"ಇನ್ನೊಬ್ಬರ ಸೆರಗಿನ ನಕ್ಷಿ ತಗೀಬೇಕಾದ್ರ ಅವರ ತಪ್ಪ ತಿದ್ದಿ ತಗೀಬೇಕು. ಅದನ್ನ ತಿದ್ದು," ಅಂದೆ.

"ಅದನ್ನ ತಿದ್ದೂದಿಲ್ಲ."

"ಯಾಕ?"

"ತಿದ್ದೂದಿಲ್ಲಂದ್ರ ತಿದ್ದೂದಿಲ್ಲ, ಅಪ್ಪಾ."

ಪೆನ್ಸಿಲ್ಲು ಒಗೆದು ಹೊರಗೆ ಹೋದೆ. ಕಾಲು ತಾನಾಗಿಯೇ ಮೂಲೆಯ ಸಾರಾಯಿ ಅಂಗಡಿಯ ಕಡೆ ಹೊರಟಿತು. ಗಿರಣಿಯ ತನಕ ಹೋಗಿ, ಶೇವಂತಿ ರೊಟ್ಟಿ ಬಡಿಯುತ್ತ ಸುಮ್ಮನಿದ್ದದ್ದು ನೆನಪಾಗಿ ತಿರುಗಿದೆ. ಬಂದು ಒಂಬತ್ತು ಮೆಟ್ಟಿಲು ಬರೆದೆ.

೧೭ ಮೇ, ಶುಕ್ರವಾರ

ಮಧ್ಯಾಹ್ನ ಮೂರು ಗಂಟೆಗೆ ಆರನೆಯ ಅಂತಸ್ತು ಯಂತ್ರಕ್ಕೆ ಏರಿತು. ಪೂರ್ಣಿಮಾ ಆಡಿ ನೋಡಲು ಕುಳಿತಳು. ನಾನು ಪಕ್ಕದಲ್ಲಿದ್ದೆ. ಶೇವಂತಿ ಒಳಗೆ ಮಲಗಿದ್ದಳು.

ಕೆಂಪಂಗಿ ಮೆಟ್ಟಿಲಿಳಿದ, ಇಬ್ಬರನ್ನು ಗುದ್ದಿದ, ಮೆಟ್ಟಿಲು ಹತ್ತಿದ. ಮತ್ತೆ ಇಳಿದ. ಹತ್ತು ಸಲವೋ ಹದಿನೈದು ಸಲವೋ ಆಯಿತು. ಬೆರಳು ತಮ್ಮಷ್ಟಕ್ಕೆ ಓಡುತ್ತಿದ್ದವು. ನಾನು ನೋಡಿದ್ದು ಇನ್ನೊಂದು: ಕೆಂಪಂಗಿ ಮೆಟ್ಟಿಲಿನ ಬುಡಕ್ಕೆ ಬಂದಾಗಲೆಲ್ಲ ಈಕೆ ಕಣ್ಣೆತ್ತಿ ಬಾಗಿಲ ಕಡೆ ನೋಡುತ್ತಿದ್ದಳು. ಒಂದು ಕ್ಷಣ ಅಷ್ಟೇ, ಮತ್ತೆ ಟೀವಿ. ಪ್ರತಿ ಸಲ, ತಪ್ಪದೆ.

"ಯಾರರ ಬರಾವರ ಅದಾರೇನ ಯವ್ವಾ?" ಕೇಳಿದೆ.

"ಇಲ್ಲ. ಯಾಕ?"

"ಏಳನೇದಕ್ಕ ಹೋಗವಲ್ಲಿ ಮತ್ತ. ಹಾಳಿ ಇನ್ನೂ ಬರೆಯೂದೈತಿ, ಅಲ್ಲೇನೈತಿ ಹೇಳು."

"ನನಗ ಗೊತ್ತಿಲ್ಲ. ನಾ ಒಮ್ಮೆನೂ ಹೋಗಿಲ್ಲ."

"ಇಷ್ಟ ಛಲೋ ಆಡತಿ, ಹೋಗಿಲ್ಲಂದ್ರ?"

"ಏಳನೇದಕ್ಕ ಹ್ವಾದ್ರ ಆಟ ಮುಗೀತೈತಿ. ಮುಗದ ಮ್ಯಾಲ ರೂಪಾಯಿ ಇಲ್ಲಂದ್ರ ಅಂಗಡ್ಯಾಂವ ಹೊರಗ ಹಾಕ್ತಿದ್ದ, ಅಪ್ಪಾ. ನೀ ಒಂದ ರೂಪಾಯಿ ಕೊಟ್ಟ ಹೋಗತಿದ್ದಿ. ನೀ ಬರೂತನಾ ನಾ ಎಲ್ಲಿ ನಿಂದರಬೇಕಾಗಿತ್ತು?"

ಸಿಟ್ಟಿನಿಂದ ಅನ್ನಲಿಲ್ಲ. ಎಳೆ ಎಷ್ಟು ಎಂದು ಕೇಳಿದರೆ ಹೇಳುತ್ತಾರಲ್ಲ, ಅಷ್ಟು ಸಲೀಸಾಗಿ ಹೇಳಿ, ದೀಪ ಒಂದು ಮನೆ ಕೆಳಗೆ ಬರಬೇಕು ಎಂದು ಹಾಳೆಯಲ್ಲಿ ಗುರುತು ಹಾಕಿದಳು.

೧೮ ಮೇ, ಶನಿವಾರ

ಹನ್ನೊಂದಕ್ಕೆ ಅಂಗಡಿಯಲ್ಲಿ ಬಿಡುತ್ತಿದ್ದೆ. ಆರಕ್ಕೆ ಕರೆಯಲು ಬರುತ್ತಿದ್ದೆ. ಒಂಬತ್ತು ವರ್ಷದವಳು. ಊಟಕ್ಕೆ ಏನು ಮಾಡುತ್ತಿದ್ದಳು ಎಂದು ಇವತ್ತಿನವರೆಗೆ ಕೇಳಿಲ್ಲ.

೨೦ ಮೇ, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎದ್ದಾಗಲೇ ಮನಸ್ಸು ಮಾಡಿದ್ದೆ. ಶೇವಂತಿಗೆ "ಜಮಖಂಡಿಗೆ ಹೋಗಿ ಗ್ರಾಫ್ ಕಾಗದ ತರತೇನಿ" ಅಂದೆ. ಬಾಯಿಂದ ಬಂದದ್ದು ಅದೇ ಹಳೆಯ ಸುಳ್ಳು. ಆಕೆಯ ಮುಖ ಹೇಗಾಯಿತು ಎಂದು ತಿರುಗಿ ನೋಡಲಿಲ್ಲ. ಫೋನು ಗೂಡಿನಲ್ಲೇ ಉಳಿಯಿತು.

ಗೇಮಿನ ಅಂಗಡಿ ಈಗ ಮೊಬೈಲ್ ರಿಪೇರಿಯದು. ಅದರ ಮುಂದೆ ಹೋಗಿ ನಿಂತೆ. ಹನ್ನೊಂದು ಗಂಟೆ. ಕುಡಿಯಲು ಬಂದದ್ದಲ್ಲ. ಆಕೆ ನಿಂತಷ್ಟು ಹೊತ್ತು ನಾನೂ ನಿಲ್ಲಬೇಕು ಎಂದು ಬಂದದ್ದು. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ನಿಂತು ಎದುರಿಗೆ ನೋಡಿದರೆ ರಸ್ತೆಯ ಆಚೆ ವೈನ್ ಶಾಪಿನ ಬಾಗಿಲು. ಬೋರ್ಡು ಹೊಸದು, ಬಾಗಿಲು ಅದೇ. ನಾನು ಆಗ ಸುತ್ತು ಹಾಕಿ, ಹಿಂದಿನ ಓಣಿಯಿಂದ ಬಂದು ಅದರೊಳಗೆ ಹೋಗುತ್ತಿದ್ದೆ, ಮಗಳಿಗೆ ತಿಳಿಯಬಾರದೆಂದು. ಮುಂದಿನ ಬಾಗಿಲಿನಿಂದ ಹೊರಗೆ ಬರುತ್ತಿದ್ದದ್ದು ಮಾತ್ರ ಮರೆತಿದ್ದೆ. ಗೇಮಿನ ಪೆಟ್ಟಿಗೆ ಇದ್ದ ಜಾಗದಿಂದ ಆ ಬಾಗಿಲು ನೆಟ್ಟಗೆ ಕಾಣುತ್ತದೆ. ಆಕೆಗೆ ಎಲ್ಲ ಗೊತ್ತಿತ್ತು. ಮೂವತ್ತು ವರ್ಷ ಗೊತ್ತಿತ್ತು.

ಎರಡು ಗಂಟೆಗೆ ಬಿಸಿಲು ನೆತ್ತಿ ಕೊರೆಯಿತು. ಮೊಬೈಲಿನವನು ಹೊರಗೆ ಬಂದು "ಕಾಕಾ, ಯಾರನ್ನ ಕಾಯಾಕತ್ತೀರಿ? ಒಳಗ ಬಂದ ಕೂಡ್ರಿ," ಅಂದ. ಒಲ್ಲೆ ಅಂದೆ. ನೀರು ಕೊಟ್ಟ, ಕುಡಿದೆ. ಮೂರಕ್ಕೆ ನಾಲಿಗೆ ಒಣಗಿ, ಎದುರಿನ ಬಾಗಿಲು ಹೆಸರು ಹಿಡಿದು ಕರೆದಂತಾಯಿತು. ಕಿಸೆಯಲ್ಲಿ ದುಡ್ಡಿತ್ತು. ಮೂವತ್ತು ಹೆಜ್ಜೆ. ಬೆವೆತೆ, ಬೈದುಕೊಂಡೆ, ಹೋಗಲಿಲ್ಲ. ಆರಕ್ಕೆ ಕಾಲು ಬಾತು ಚಪ್ಪಲಿ ಬಿಗಿಯಾಗಿತ್ತು. ಮನಸ್ಸು ಹಗುರಾದಂತೆಯೂ ಅನಿಸಿತು, ಸುಳ್ಳು ಯಾಕೆ ಹೇಳಲಿ. ಏನೋ ತೀರಿಸಿದೆ ಎಂದು ಹೆಮ್ಮೆಯಿಂದಲೇ ಬಸ್ಸು ಹತ್ತಿದೆ.

ಏಳಕ್ಕೆ ಬನಹಟ್ಟಿಯಲ್ಲಿ ಇಳಿದರೆ ಪೂರ್ಣಿಮಾ ನಿಲ್ದಾಣದ ಕಂಬಕ್ಕೆ ಆತು ನಿಂತಿದ್ದಳು. ನೆಟ್ಟಗೆ ನನ್ನ ಹತ್ತಿರ ಬಂದು ಬಾಯಿ ಮೂಸಿ ನೋಡಿದಳು. ಮತ್ತೊಮ್ಮೆ ಮೂಸಿದಳು.

"ಎಲ್ಲಿದ್ದಿ?"

"ಅಂಗಡಿ ಮುಂದ. ಹನ್ನೊಂದರಿಂದ ಆರರ ತನಕಾ ನಿಂತಿದ್ದೆ. ಕುಡದಿಲ್ಲ ಯವ್ವಾ. ನೀ ನಿಂತಿದ್ದೆಲ್ಲಾ, ಅದಕ್ಕ."

ಆಕೆ ಹೊಗಳಬೇಕು ಎಂದು ನಾನು ಕಾದೆ. ಖರೆ ಹೇಳುತ್ತೇನೆ, ಕಾದೆ.

"ಒಂದ ಗಂಟೇಕ ಬಂದ ನಿಂತೇನಿ ಇಲ್ಲಿ," ಅಂದಳು. "ಫೋನ ಮನಿಯಾಗ ಬಡಕೊಳ್ಳಾಕತ್ತೈತಿ. ಅವ್ವ ನೀರ ಮುಟ್ಟಿಲ್ಲ. ಬಂದ ಬಂದ ಬಸ್ಸಿನ ಬಾಗಲಾ ನೋಡೇನಿ. ಕುಡದ ಎಲ್ಲರ ಬಿದ್ದೀಯೋ, ಸತ್ತೀಯೋ ಅಂತ. ಮತ್ತ ನನ್ನ ನಿಂದರಿಸಿದೆಲ್ಲೋ ಅಪ್ಪಾ!"

ನಿಲ್ದಾಣದಲ್ಲಿ ಜನ ನೋಡುತ್ತಿದ್ದರು. ಆಕೆ ಅತ್ತಳು, ನಾನೂ ಅತ್ತೆ. ನನ್ನ ಪಾಪ ತೊಳೆಯಲಿಕ್ಕೂ ಆಕೆಯೇ ಆರು ತಾಸು ನಿಲ್ಲಬೇಕಾಯಿತು. ಎಂಥ ಮನುಷ್ಯ ನಾನು.

೨೪ ಮೇ, ಶುಕ್ರವಾರ

ಬಿಸಿಲಿಗೆ ನಿಂತದ್ದಕ್ಕೆ ಜ್ವರ ಬಂದು ಇಳಿಯಿತು. ಮಲಗಿ ಶೇವಂತಿಯನ್ನೇ ನೋಡಿದೆ. ಓಣಿಯಲ್ಲಿ ಸೈಕಲ್ಲಿನ ಸದ್ದಾದರೂ ಆಕೆಯ ಕೈ ನಿಲ್ಲುತ್ತದೆ. ನಾನು ಒಳಗೇ ಇದ್ದೇನೆ, ಆದರೂ ನಿಲ್ಲುತ್ತದೆ.

ಇವತ್ತು ಕೇಳಿದೆ: "ಪೂರ್ಣಿಮಾನ ಕಡೆ ಹೋಗಬೇಕನಸ್ತೈತೇನ ನಿನಗ?"

ಕರೆದವರ ಮನೆಗಾದರೂ ಮೂರು ಸಲ ಒಲ್ಲೆ ಅನ್ನುವುದು ನಮ್ಮ ಕಡೆಯ ರೀತಿ. ಈಕೆ ಒಮ್ಮೆಯೂ ಅನ್ನಲಿಲ್ಲ.

"ಹೋಗತೇನ್ರಿ. ಹದಿನೈದ ದಿನ ಇದ್ದ ಬರತೇನಿ. ನಿಮ್ಮನ್ನ ಬಿಟ್ಟ ಹೋಗಾಕ ಅಂಜಿಕಿ ಆಗತಿತ್ತು, ಅದಕ್ಕ ಎಂದೂ ಕೇಳಿದ್ದಿಲ್ಲ."

"ನಾ ಕುಡದಿಲ್ಲ ಮತ್ತ," ಅಂದೆ.

"ಗೊತ್ತೈತ್ರಿ. ನೀವು ಕುಡದಿದ್ರ ನನಗ ಬಿಟ್ಟ ಹೋಗಾಕ ಬರತಿರಲಿಲ್ಲ."

ಇದನ್ನು ತಪ್ಪಿಸಲೆಂದೇ ನಾನು ಇಷ್ಟು ದಿನ ಹಲ್ಲು ಕಚ್ಚಿ ಕುಳಿತದ್ದು. ಈಗ ನಾನೇ ಹೋಗು ಅಂದೆ, ಆಕೆ ಹೂಂ ಅಂದಳು. ಅಟ್ಟದಿಂದ ಬ್ಯಾಗು ಇಳಿಸಿ ಧೂಳು ಒರೆಸಿಕೊಟ್ಟೆ.

೨೯ ಮೇ, ಬುಧವಾರ

ಏಳನೆಯ ಅಂತಸ್ತು ಲ್ಯಾಪ್‌ಟಾಪಿನಲ್ಲಿ ನೋಡಿ ನಾನೊಬ್ಬನೇ ಬರೆದೆ. ಅಲ್ಲಿ ಏನೂ ಇಲ್ಲ. ಮಾಳಿಗೆ, ಆಕಾಶ, ಒಂದು ಬಾವುಟ. ಪೂರ್ಣಿಮಾ ಯಂತ್ರಕ್ಕೆ ಏರಿಸಿ ಬಹಳ ಹೊತ್ತು ಕೈ ಕಟ್ಟಿ ಕುಳಿತಳು. "ನಾ ಇಲ್ಲೇ ಇರತೇನಿ, ಹೋಗು," ಅಂದೆ. ಆರನೆಯದರ ಮೆಟ್ಟಿಲು ಒಂದೇ ಸಲ ಇಳಿದಳು, ಹತ್ತಿದಳು, ಮೇಲೆ ಹೋದಳು. ಬಾವುಟ ಮುಟ್ಟಿದ ಕೂಡಲೆ ಆಟ ಮುಗಿಯಿತು. ಒಂದು ನಿಮಿಷವೂ ಹಿಡಿಯಲಿಲ್ಲ.

"ಇಷ್ಟನ?" ಅಂದಳು.

"ಇಷ್ಟ."

ನಾಳೆ ಕಳಿಸುತ್ತಾಳಂತೆ. ನಕ್ಷೆ: ಕಾಶಪ್ಪ, ಬನಹಟ್ಟಿ ಎಂದು ಮೊದಲ ಚಿತ್ರದಲ್ಲೇ ಹಾಕಿದ್ದಾಳೆ. ಬೇಡ ಅಂದೆ. ಆಕೆ ಕೇಳುವವಳಲ್ಲ.

೨ ಜೂನ್, ರವಿವಾರ

ಇಬ್ಬರೂ ಹೋದರು. ಕಿಟಕಿಯ ಪಕ್ಕ ಶೇವಂತಿ ಕುಳಿತಳು. ಬಸ್ಸು ತಿರುಗುವವರೆಗೂ ನನ್ನ ಕಡೆ ನೋಡಿದಳು, ತಿರುಗಿದ ಮೇಲೆ ಮುಂದೆ ನೋಡಿರಬೇಕು. ಹದಿನಾರಕ್ಕೆ, ರವಿವಾರ, ಮಧ್ಯಾಹ್ನದ ಮೇಲೆ ಬರುತ್ತೇನೆ ಅಂದಿದ್ದಾಳೆ. ಮನೆಗೆ ಬಂದು ಅನ್ನಕ್ಕಿಟ್ಟೆ. ಬೆಂದದ್ದು ಮೇಲೆ, ಸೀದದ್ದು ಕೆಳಗೆ.

೯ ಜೂನ್, ರವಿವಾರ

ರಾಮಲಿಂಗಪ್ಪ ಹಾಡಹಗಲೇ ಬಂದ, ಅಂಗಿಯೊಳಗೆ ಬಾಟಲಿ ಇಟ್ಟುಕೊಂಡು. "ಹೇಣತಿ ಇಲ್ಲ, ಮಗಳಿಲ್ಲ, ಯಾರ ನೋಡತಾರಲೇ?" ಅಂದು ನನ್ನ ಗ್ರಾಫಿನ ಮೇಜಿನ ಮೇಲೆಯೇ ಇಟ್ಟ. ಎರಡು ಲೋಟ ತಂದ, ನನ್ನ ಮನೆಯ ಗೂಡು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಒಲ್ಲೆ ಅಂದೆ. ಎದ್ದು ಹೋಗು ಅಂದೆ. ಬಾಟಲಿ ಎತ್ತಿಕೊಂಡು ಬೈದು ಹೋದ.

ಅವನು ಹೋದ ಮೇಲೆ ಎದ್ದು ಅವನ ಹಿಂದೆ ಓಡಿದೆ. ಕರೆಯಲಿಕ್ಕೆಂದೇ ಓಡಿದೆ, ಇಲ್ಲಿ ಸುಳ್ಳು ಬರೆಯುವುದಿಲ್ಲ. ಓಣಿಯ ತುದಿಗೆ ಹೋಗುವಷ್ಟರಲ್ಲಿ ಅವನ ಗಾಡಿ ಹೊರಟುಹೋಗಿತ್ತು. ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ಶೇವಂತಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ, ಓಡಿದ್ದನ್ನೂ ಹೇಳಿದೆ. ಬರುವುದೇ ಇಲ್ಲ ಅನ್ನುತ್ತಾಳೆ ಎಂದುಕೊಂಡೆ.

"ಊಟ ಆತೇನ್ರಿ?" ಅಂದಳು.

೧೬ ಜೂನ್, ರವಿವಾರ

ಬೆಳಿಗ್ಗೆ ಮನೆ ಗುಡಿಸಿ ಒರೆಸಿದೆ. ಪಲ್ಲೆ ಮಾಡಿದೆ, ಉಪ್ಪು ಜಾಸ್ತಿಯಾಯಿತು, ಒಂದು ಬಟಾಟೆ ಹೆಚ್ಚಿ ಹಾಕಿದೆ. ಹನ್ನೆರಡಕ್ಕೆ ನಿಲ್ದಾಣಕ್ಕೆ ಬಂದೆ. ಮಧ್ಯಾಹ್ನದ ಮೇಲೆ ಅಂದರೆ ಯಾವಾಗ ಎಂದು ಕೇಳಿರಲಿಲ್ಲ.

ಒಂದರ ಬಸ್ಸಿನಲ್ಲಿ ಇರಲಿಲ್ಲ. ಎರಡರದರಲ್ಲೂ ಇರಲಿಲ್ಲ. ಫೋನ್ ಮಾಡಬಹುದಿತ್ತು, ಮಾಡಿದರೆ ಅವಸರ ಮಾಡಿದಂತಾಗುತ್ತದೆ. ಜನ ಇಳಿಯುವಾಗ ಮೊದಲು ಕಾಣುವುದು ಕಾಲು, ಆಮೇಲೆ ಸೀರೆಯ ದಡಿ, ಆಮೇಲೆ ಮುಖ. ದಡಿ ನೋಡಿಯೇ ನನಗೆ ಯಾರೆಂದು ತಿಳಿಯುತ್ತದೆ. ಮೂರೂವರೆಗೆ ಮಳೆ ಬಂತು. ಬರದಿದ್ದರೆ ಏನು ಮಾಡುವುದು ಎಂಬ ಯೋಚನೆ ಬಂತು. ನಾಲ್ಕರದು ತಡವಾಯಿತು. ಅದರಲ್ಲೂ ಇರಲಿಲ್ಲ.

ಐದೂವರೆಯ ಬಸ್ಸಿನ ಮೆಟ್ಟಿಲ ಮೇಲೆ ಹಸಿರು ದಡಿ ಕಂಡಿತು. ಕಣ್ಣು ತುಂಬಿತು, ಒರೆಸಿಕೊಂಡೆ. ಶೇವಂತಿ ಇಳಿದು, ನನ್ನನ್ನು ನೋಡಿ, ನನ್ನ ಒದ್ದೆ ಅಂಗಿ ನೋಡಿದಳು.

"ಎಷ್ಟೊತ್ತಾತ್ರಿ ಬಂದು?"

"ಈಗ ಬಂದೆ," ಅಂದೆ, ಬ್ಯಾಗು ಇಸಕೊಂಡೆ.